ಟ್ಯಾಂಕಿನ ಮೇಲಿನ ಚೀಲ

ಮನೆ, ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಹೋದ ಭೇಟಿಯ ದಿನ ಜಾಲರಿಯ ಆಚೆ ಸ್ಟೂಲಿನಿಂದ ಏಳುವಾಗ ನೀನು ಗೋಡೆ ಹಿಡಿದುಕೊಂಡೆ. ಅಣ್ಣ ನೋಡಲಿಲ್ಲ ಅಂದುಕೊಂಡಿರುತ್ತೀಯ. ನೋಡಿದೆ. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಬಿಳಿ ಮಾತ್ರೆ ಕೊಡುವ ನಿಮ್ಮ ಡಾಕ್ಟರು ಮೊಣಕಾಲಿಗೂ ಅದನ್ನೇ ಕೊಟ್ಟಿದ್ದರೆ ನುಂಗಬೇಡ, ಬೆಳಿಗ್ಗೆ ಎದ್ದ ತಕ್ಷಣ ಕಾಲು ಚಾಚಿ ಹತ್ತು ಸಲ ಮಡಿಸಿ ಬಿಡಿಸು. ಕೆಮ್ಮು ಕಡಿಮೆಯಾಯಿತೇ? ಜೈಲಿನ ಲೈಬ್ರರಿಯಲ್ಲಿ ನಿನಗೆ ಸಿಕ್ಕ ಆ ಕಾದಂಬರಿಯ ಕೊನೆಯ ಹಾಳೆಗಳು ಹರಿದುಹೋಗಿವೆ, ಮುಂದೇನಾಯಿತು ಹೇಳು ಎಂದು ಬರೆದಿದ್ದೆಯಲ್ಲ. ಅದು ನಾನು ಓದಿದ ಪುಸ್ತಕವೇ. ನಾಯಕ ಸಾಯುವುದಿಲ್ಲ, ಬದುಕಿಕೊಂಡೆನೆಂದು ಸಂತೋಷವನ್ನೂ ಪಡುವುದಿಲ್ಲ. ಹರಿದುಹೋದ ಹಾಳೆಗಳಲ್ಲಿ ಇರುವುದು ಅಷ್ಟೇ. ನೀನೇನೂ ಕಳೆದುಕೊಂಡಿಲ್ಲ.

ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ನಾಲ್ಕು ಸಲ ಹರಿದಿದ್ದೇನೆ. ಇದು ಐದನೆಯದು. ಕಳೆದ ಎರಡು ಕಾಗದಗಳಲ್ಲಿ ನೀನು ಕೇಳಿದ್ದು ಒಂದೇ ಮಾತು: ಬೈಕು ಹೇಗಿದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಚೀಲ ಹಾಕಿಸುತ್ತೇನೆ ಅಂದಿದ್ದೆಯಲ್ಲ, ಯಾವುದು ಹಾಕಿಸಿದೆ, ಬಣ್ಣ ಕೆರೆಯಲಿಲ್ಲ ತಾನೇ. ಟೇಪು ಸಿಕ್ಕಿತೆಂದು ನಾನು ಜಾಲರಿಯ ಹತ್ತಿರ ಬಾಯಿಟ್ಟು ಹೇಳಿದಾಗ ನೀನು ಸುಮ್ಮನೆ ನಿನ್ನ ಅಂಗೈ ನೋಡಿಕೊಂಡೆ, ಆಮೇಲೆ "ಬೈಕ್ ಚೈನಿಗೆ ಎಣ್ಣೆ ಬಿಡ್ತಿದ್ದೀಯಾ?" ಅಂದೆ. ನೀನು ಆಸೆ ಪಡುವ ರೀತಿಯೇ ಅದು. ಚಿಕ್ಕಂದಿನಲ್ಲೂ ಪರೀಕ್ಷೆಯ ಫಲಿತಾಂಶದ ದಿನ ನಾಯಿಗೆ ಸ್ನಾನ ಮಾಡಿಸುತ್ತಿದ್ದವನು ನೀನು. ಆದ್ದರಿಂದ ನಾನೂ ಬೈಕಿನ ಕಡೆಯಿಂದಲೇ ಬರುತ್ತೇನೆ.

ಅದಕ್ಕೆ ಮೊದಲು, ಈ ಕಾಗದವನ್ನು ನಿನಗಿಂತ ಮುಂಚೆ ಬಿಡಿಸಿ ಓದುತ್ತಿರುವ ಅಧಿಕಾರಿಗಳಿಗೆ ನಮಸ್ಕಾರ. ಹೊಸಬರು ಬಂದಿದ್ದಾರೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿ ಎಂದು, ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ. ನಿನಗೆ ಬೇಸರವಾದರೆ ಈ ಭಾಗ ಹಾರಿಸು. ಸ್ವಾಮಿ, ನನ್ನ ತಮ್ಮ ಜಲಾಶಯದ ಗೇಟ್ ಆಪರೇಟರ್ ಆಗಿದ್ದವನು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಮುಖ್ಯ ಎಂಜಿನಿಯರು ಫೋನು ಮಾಡಿ ಏಳೂ ಗೇಟು ಎತ್ತು ಎಂದರು. ಸೈರನ್ ಕೂಗಿಸಲೇ ಸರ್ ಎಂದು ಇವನು ಕೇಳಿದ. "ಸೈರನ್ ಬೇಡ, ಗೆಸ್ಟ್ ಹೌಸಿನಲ್ಲಿ ಅತಿಥಿಗಳು ಊಟಕ್ಕೆ ಕೂತಿದ್ದಾರೆ, ಗಾಬರಿಯಾಗ್ತಾರೆ" ಎಂದು ಅವರು ಹೇಳಿದರು. ಕೆಳಗೆ ಹೊಳೆಯಲ್ಲಿ ಸೇತುವೆಯ ಕಂಬಕ್ಕೆ ಕಬ್ಬಿಣ ಕಟ್ಟುತ್ತಿದ್ದ ಹನ್ನೊಂದು ಮಂದಿ ಕೆಲಸಗಾರರು ಕೊಚ್ಚಿಹೋದರು. ಫೋನನ್ನೇ ಮಾಡಿಲ್ಲ ಎಂದು ಎಂಜಿನಿಯರು ಪ್ರಮಾಣ ಮಾಡಿದರು. ಗೇಟ್ ರೂಮಿನ ಫೋನಿಗೆ ಬಂದ ಕರೆಗಳೆಲ್ಲ ದಾಖಲಾಗುವ ಟೇಪ್ ಯಂತ್ರವೊಂದಿತ್ತು. ವಿಚಾರಣೆಯ ಹೊತ್ತಿಗೆ ಅದರೊಳಗೆ ಹೊಸ ಖಾಲಿ ಕ್ಯಾಸೆಟ್ ಕೂತಿತ್ತು. ನನ್ನ ತಮ್ಮನಿಗೆ ಹದಿನೆಂಟು ವರ್ಷ ಜೈಲು. ಎಂಜಿನಿಯರಿಗೆ ಬಡ್ತಿ, ಹಾರ, ನಿವೃತ್ತಿ, ಈಗ ಅವರ ಹೆಸರಿನಲ್ಲಿ ಒಂದು ಉದ್ಯಾನ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲಕ್ಕೆ ದಂಡ ಹಾಕುವ ಕಾಲ ಇದು. ಇನ್ನೂ ಒಂದು ಮಾತು. ಆ ವಿಚಾರಣಾ ವರದಿ ಅಚ್ಚಾದದ್ದು ನಾನು ಕೆಲಸ ಮಾಡುತ್ತಿದ್ದ ಸರ್ಕಾರಿ ಮುದ್ರಣಾಲಯದಲ್ಲೇ. ಅದರ ಕರಡು ತಿದ್ದಲು ನನ್ನ ಮೇಜಿಗೇ ಬಂತು. ಮುನ್ನೂರ ಹನ್ನೆರಡು ಪುಟ. ಅಲ್ಪಪ್ರಾಣ ಮಹಾಪ್ರಾಣ, ಬಿಟ್ಟುಹೋದ ಒತ್ತು, ಎಲ್ಲ ಸೇರಿ ನಲವತ್ತಾರು ತಪ್ಪು ಹುಡುಕಿದೆ. ದೊಡ್ಡ ತಪ್ಪೊಂದು ಹಾಗೆಯೇ ಉಳಿಯಿತು. ಅದನ್ನು ತಿದ್ದಲು ಅಂಚಿನಲ್ಲಿ ಹಾಕುವ ಗುರುತು ಇನ್ನೂ ಯಾರೂ ಕಂಡುಹಿಡಿದಿಲ್ಲ. ಪತ್ರಿಕೆಗಳಿಗೆ ಬರೆದ ಪತ್ರಗಳ ಲೆಕ್ಕ ಇಲ್ಲಿ ಬೇಡ. ಎರಡು ಅಚ್ಚಾದವು, ಎರಡರಲ್ಲೂ ಎಂಜಿನಿಯರ್ ಎಂಬ ಪದವನ್ನೇ ಕತ್ತರಿಸಿದ್ದರು.

ಇನ್ನು ನಿನ್ನ ಜೊತೆ ಮಾತು. ಟೇಪು ಬಂದ ಬಗೆಯನ್ನು ಜಾಲರಿಯ ಹತ್ತು ನಿಮಿಷದಲ್ಲಿ ಅರ್ಧ ಹೇಳಿದ್ದೆ. ಅವತ್ತು ಕ್ಯಾಸೆಟ್ ಬದಲಾಯಿಸಿದ ಟೆಲಿಫೋನ್ ಮೆಕ್ಯಾನಿಕ್ ಹೋದ ವರ್ಷ ತೀರಿಕೊಂಡ. ಹಳೆಯದನ್ನು ನಾಶಮಾಡು ಎಂದು ಅವನಿಗೆ ಹೇಳಿದ್ದರಂತೆ. ಮನುಷ್ಯ ಮಾಡಲೂ ಇಲ್ಲ, ಬಾಯಿ ಬಿಡಲೂ ಇಲ್ಲ. ಅವನ ಹೆಂಡತಿ ಅದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದು ನಿನ್ನ ಹೆಂಡತಿಯ ಕೈಗಿಟ್ಟು, ಒಂದು ಲೋಟ ನೀರನ್ನೂ ಕುಡಿಯದೆ ಹೋದಳು. ನಾವಿಬ್ಬರೂ ಹಳೆಯ ಪ್ಲೇಯರಿನಲ್ಲಿ ಒಂದೇ ಒಂದು ಸಲ ಹಾಕಿ ಕೇಳಿದೆವು. ನಿನ್ನ ದನಿ, ಆ ಎಂಜಿನಿಯರನ ದನಿ, ಸೈರನ್ ಬೇಡ, ಅತಿಥಿಗಳು, ಎಲ್ಲವೂ ನೀರಿನಷ್ಟು ಸ್ಪಷ್ಟ. ಆಗ ಅವಳು ತನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡ ನಕಲೊಂದಿದೆ. ಆದರೆ ವಕೀಲಮ್ಮ ಮೊದಲ ದಿನವೇ ಹೇಳಿದರು: ಮರುಪರಿಶೀಲನಾ ನ್ಯಾಯಾಲಯಕ್ಕೆ ಮೂಲ ಟೇಪೇ ಬೇಕು, ನಕಲನ್ನು ಅವರು ಮುಟ್ಟುವುದಿಲ್ಲ, ಈಗಿನ ಕಾಲದಲ್ಲಿ ಯಾರ ದನಿಯನ್ನು ಯಾರು ಬೇಕಾದರೂ ತಯಾರಿಸಬಹುದು. ಮೂಲವನ್ನು ಖುದ್ದಾಗಿ ತಂದು ಒಪ್ಪಿಸಬೇಕು, ಅವರ ಪರೀಕ್ಷಕರು ಅಲ್ಲೇ ಕೇಳುತ್ತಾರೆ, ಮತ್ತು ಈ ಅರ್ಜಿ ಜೀವಮಾನದಲ್ಲಿ ಒಂದೇ ಸಲ. ನಾನೂರ ಎಂಬತ್ತು ಕಿಲೋಮೀಟರು ದೂರ. ಗುರುವಾರ ಹತ್ತೂವರೆಗೆ ಹಾಜರಿ.

"ಬಸ್ಸಿನಲ್ಲಿ ಹೋಗಿ ಭಾವ, ಅಂಗಿ ಜೇಬಿನಲ್ಲಿ ಇಟ್ಕೊಂಡ್ರೆ ಆಯ್ತು, ಅದೇನು ಕುಂಬಳಕಾಯಾ" ಎಂದಳು ನಿನ್ನ ಹೆಂಡತಿ. ನಾನು ಅವಳಿಗೆ ಅರ್ಧ ಗಂಟೆ ಭಾಷಣ ಮಾಡಿದೆ. ಐದು ವರ್ಷದ ಹಿಂದೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ದಾಖಲೆಗಳು ತಲುಪಿಲ್ಲ ಎಂದು ಕೋರ್ಟು ಹೇಳಿದ್ದು, ತಲುಪಿದೆ ಎಂದು ಯಾರೋ ಕೋಳಿಕಾಲಿನ ಸಹಿ ಹಾಕಿದ ಚೀಟಿ ಇವತ್ತಿಗೂ ನನ್ನ ಹತ್ತಿರ ಇರುವುದು, ಬಸ್ಸಿನಲ್ಲಿ ನಿದ್ದೆ ಬರುವುದು, ಜೇಬುಗಳ್ಳರು, ಎಲ್ಲ ಹೇಳಿದೆ. ಅವಳು ಪಾತ್ರೆ ಒರೆಸುತ್ತಾ ಕೇಳಿಸಿಕೊಂಡು, "ಬೈಕಲ್ಲಿ ಹೋಗ್ಬೇಕು ಅಂತ ಆಸೆಯಾಗಿದೆ ಅನ್ನಿ, ಮುಗೀತು" ಅಂದಳು. ನಿಜ ಕಣೋ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ನಿನ್ನ ಬೈಕಿನ ಮುಸುಕು ತೆಗೆದು, ಒರೆಸಿ, ಎಂಜಿನ್ ಓಡಿಸಿ, ಬೀದಿಯ ಕೊನೆಯ ನೀರಿನ ಟ್ಯಾಂಕಿನವರೆಗೆ ಹೋಗಿ ಬರುತ್ತಿದ್ದೇನೆ. ದೂರ ಪಯಣಕ್ಕೆಂದೇ ಹುಟ್ಟಿದ ಆ ದೊಡ್ಡ ಗಾಡಿ ಕುಂಟನ ಜೊತೆ ವಾಕಿಂಗ್ ಹೋಗುವ ಕುದುರೆಯ ಹಾಗೆ ನನ್ನ ಜೊತೆ ಬಂದು ಹೋಗುತ್ತಿತ್ತು. ನಿನ್ನ ಬಿಡುಗಡೆಯ ಟೇಪನ್ನು ನಿನ್ನ ಬೈಕಿನಲ್ಲೇ ಒಯ್ದು ಒಪ್ಪಿಸಿದೆ ಎಂದು ನಿನಗೆ ಬರೆಯಬೇಕೆಂಬ ಒಂದು ವಾಕ್ಯದ ಆಸೆ ನನಗೆ. ಆ ವಾಕ್ಯವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿದ್ದಿದೆನೋ ಲೆಕ್ಕವಿಲ್ಲ.

ಚೀಲವನ್ನು ಹಿಂದಿನ ಕ್ಯಾರಿಯರಿಗೆ ಕಟ್ಟುವ ಮಾತೇ ಇರಲಿಲ್ಲ. ನೀವಿಬ್ಬರೂ ಸಮುದ್ರದವರೆಗೆ ಹೋಗಿದ್ದಾಗ ಅವಳ ಚೀಲ ಹಿಂದಿನಿಂದ ಬಿದ್ದುಹೋಗಿ ನಲವತ್ತು ಕಿಲೋಮೀಟರು ಆದ ಮೇಲೆ ನಿನಗೆ ಗೊತ್ತಾಯಿತಲ್ಲ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ. ನನಗೆ ಬೇಕಾದದ್ದು ಕಣ್ಣೆದುರು, ಹೊಟ್ಟೆಗೆ ತಾಗಿಕೊಂಡು, ಕೈಯಿಟ್ಟರೆ ಸಿಗುವಂತೆ ಇರುವ ಚೀಲ. ಬೈಕ್ ಸವಾರರ ಸಾಮಾನು ಮಾರುವ ಅಂಗಡಿಯೊಂದು ಈಗ ಹಳೇ ಚಿತ್ರಮಂದಿರದ ಎದುರು ಬಂದಿದೆ. ಅಂಗಡಿಯಾಕೆ ಸ್ವತಃ ಸವಾರಳು, ಎಡಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಬಲಗೈಯಲ್ಲೇ ಚೀಲಗಳನ್ನು ಇಳಿಸಿ ತೋರಿಸಿದಳು. "ಏನು ಹಾಕ್ಕೊಂಡು ಹೋಗ್ತೀರಿ ಸರ್, ಕ್ಯಾಮೆರಾನಾ, ಬಟ್ಟೆನಾ? ಅದರ ಮೇಲೆ ಯಾವುದು ಅಂತ ಹೇಳ್ತೀನಿ" ಎಂದಳು. ಹನ್ನೊಂದು ವರ್ಷದಲ್ಲಿ ನಾನು ಕಲಿತ ಪಾಠವೆಂದರೆ ಯಾರಿಗೂ ಏನೂ ಹೇಳಬಾರದು. ಎಂಜಿನಿಯರಿಗೆ ಎಲ್ಲೆಲ್ಲಿ ಕಿವಿಗಳಿವೆಯೋ. "ಕಾಗದ ಪತ್ರ" ಎಂದೆ. "ಅಷ್ಟೇನಾ?" ಎಂದು ಇನ್ನೊಮ್ಮೆ ಕೇಳಿದಳು. "ಅಷ್ಟೇ" ಎಂದೆ.

ಮೂರು ಜಾತಿ ಇವೆಯಂತೆ, ನಿನಗೆ ಗೊತ್ತಿರಬಹುದು. ಒಂದು, ಪಟ್ಟಿಗಳಿಂದ ಬಿಗಿಯುವುದು: ಒಂದು ಪಟ್ಟಿ ಹ್ಯಾಂಡಲಿನ ಕುತ್ತಿಗೆಯ ಸುತ್ತ, ಇನ್ನೆರಡು ಸೀಟಿನ ಕೆಳಗೆ. ಎರಡು, ಪೆಟ್ರೋಲ್ ಮುಚ್ಚಳದ ಸುತ್ತ ಒಂದು ರಿಂಗ್ ಕೂರಿಸಿ ಅದರ ಮೇಲೆ ಚೀಲವನ್ನು ಟಕ್ಕೆಂದು ಕೂರಿಸುವುದು. ಮೂರು, ತಳದಲ್ಲೂ ಬದಿಗೆ ಇಳಿಬಿದ್ದ ನಾಲ್ಕು ಕಿವಿಗಳಲ್ಲೂ ಅಯಸ್ಕಾಂತ ಹೊಲಿದಿರುವುದು, ಟ್ಯಾಂಕಿನ ಮೇಲಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ. ಮೊದಲು ನಾನು ದೊಡ್ಡದೊಂದು ಪಟ್ಟಿಯ ಚೀಲ ತಂದೆ. ಅದನ್ನು ಕೂರಿಸಿದವನು, ನೀನು ಗ್ರೀಸಪ್ಪ ಎಂದು ಹೆಸರಿಟ್ಟಿದ್ದೆಯಲ್ಲ, ಅದೇ ಬೈಕ್ ಮೆಕ್ಯಾನಿಕ್. ಅವನ ಕೂದಲು ಬೆಳ್ಳಗಾಗಿದೆ, ಕೈ ಮಾತ್ರ ಅದೇ ಕಪ್ಪು. ನಾವು ಸೀಟು ಬಿಚ್ಚಿ ಪಟ್ಟಿ ಎಳೆದು ಬಿಗಿದು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದರೆ ಚೀಲದ ಮೂತಿ ಹಾರ್ನ್ ಗುಂಡಿಯನ್ನು ಒತ್ತಿ ಬೈಕು ತಾನಾಗಿ ಕೂಗತೊಡಗಿತು. ಬೀದಿಯೇ ತಿರುಗಿ ನೋಡಿತು. ಮರಳಿಸಿ ಚಿಕ್ಕದು ತಂದೆ. ಈ ಸಲ ಎಂಜಿನ್ ಓಡುತ್ತಿರುವಾಗ ತಿರುಗಿಸಿದೆವು. ಕುತ್ತಿಗೆಯ ಪಟ್ಟಿ ಆಕ್ಸಿಲರೇಟರ್ ಕೇಬಲನ್ನು ಎಳೆದು, ಹಿಡಿ ತಿರುವದೆಯೇ ಎಂಜಿನ್ ಭೋರೆಂದು ಏರಿತು. ಗ್ರೀಸಪ್ಪ ಕೀಲಿ ಆರಿಸಿ ನನ್ನ ಮುಖ ನೋಡಿ, "ಇದು ಪಟ್ಟಿ ಅಲ್ಲ ಸಾರ್, ನಿಮ್ಮ ಕುತ್ತಿಗೆಗೆ ಹಗ್ಗ. ತಿರುವಿನಲ್ಲಿ ಗೊತ್ತಾಗ್ತಿತ್ತು" ಎಂದು ಬಿಚ್ಚಿಹಾಕಿದ. ರಿಂಗಿನದು ನಿನ್ನ ಬೈಕಿಗೆ ಈಗ ಬರುತ್ತಿಲ್ಲ. ನಿನ್ನ ಮಾಡೆಲ್ಲೇ ನಿಂತು ಒಂಬತ್ತು ವರ್ಷವಾಯಿತು, ಮುಚ್ಚಳದ ತಿರುಪುಗಳ ಅಳತೆ ಹೊಸ ಯಾವುದಕ್ಕೂ ಕೂರುವುದಿಲ್ಲ. ನೀನು ಒಳಗಿದ್ದಾಗ ನಿನ್ನ ಬೈಕೂ ಹಳೇ ಕಾಲದ್ದಾಗಿಬಿಟ್ಟಿದೆ, ನೋಡು.

ಹೀಗೆ ಅಯಸ್ಕಾಂತದ್ದಕ್ಕೆ ಬಂದೆವು. ಗ್ರೀಸಪ್ಪನಿಗೆ ಖುಷಿ. "ಹಳೇ ಗಾಡಿ ಸಾರ್, ಟ್ಯಾಂಕು ಉಕ್ಕಿನ ತಗಡು. ಈಗಿನವೆಲ್ಲ ಪ್ಲಾಸ್ಟಿಕ್ ಮುಸುಡಿ, ಯಾವ ಮ್ಯಾಗ್ನೆಟ್ಟೂ ಹಿಡಿಯಲ್ಲ" ಎಂದ. ಬಣ್ಣದ ಚಿಂತೆ ನಿನಗೆ ಬೇಡ. ಮೊದಲು ಟ್ಯಾಂಕನ್ನು ತೊಳೆದು ಆರಿಸಿ, ಸೋಪಿನ ನೀರು ಚಿಮುಕಿಸಿ, ಪಾರದರ್ಶಕ ಹಾಳೆಯೊಂದನ್ನು ಅಂಟಿಸಿದ. ಗುಳ್ಳೆಗಳನ್ನು ತನ್ನ ಹಳೆಯ ಬಸ್ ಪಾಸಿನಿಂದ ಒತ್ತಿ ಒತ್ತಿ ಅಂಚಿಗೆ ತಳ್ಳಿದ. ನಿನ್ನ ನೀಲಿ ಬಣ್ಣ ಅದರ ಕೆಳಗೆ ಕೊಳದ ತಳದ ಹಾಗೆ ಕಾಣುತ್ತದೆ. ಆಮೇಲೆ ಚೀಲ ಇಟ್ಟ. ಠಪ್ಪೆಂದು ಕೂತದ್ದನ್ನು ನಾನು ಎರಡು ಕೈಯಿಂದ ಎಳೆದರೂ ಬರಲಿಲ್ಲ. ಹಿಂದಿನಿಂದ ಮುಂದಕ್ಕೆ ಸುಲಿದರೆ ಮಾತ್ರ ಬರುತ್ತದೆ. ಒಮ್ಮೆ ಅದನ್ನು ಅವನ ಕೆಲಸದ ಮೇಜಿನ ಮೇಲಿಟ್ಟೆ. ಎತ್ತಿದಾಗ ಅರದಿಂದ ಉದುರಿದ್ದ ಕಬ್ಬಿಣದ ಪುಡಿಯೆಲ್ಲ ತಳಕ್ಕೆ ಗಡ್ಡದ ಹಾಗೆ ಹತ್ತಿಕೊಂಡಿತ್ತು. ಇಬ್ಬರೂ ನಕ್ಕೆವು. ಅವನು ಅಂಟುಪಟ್ಟಿಯಿಂದ ಆ ಗಡ್ಡ ಬೋಳಿಸುತ್ತಾ, "ಇದನ್ನ ನೆಲಕ್ಕೆ ಮಾತ್ರ ಇಡಬೇಡಿ ಸಾರ್, ಮರಳು ಸೇರಿದ್ರೆ ತಮ್ಮನೋರ ಬಣ್ಣ ಹೋಗುತ್ತೆ" ಎಂದ. ಇಡಲಿಲ್ಲ. ಹೋಗುವಾಗಲೂ ಬರುವಾಗಲೂ ಒಂದೇ ಒಂದು ಸಲವೂ ನೆಲಕ್ಕಿಡಲಿಲ್ಲ, ಇದನ್ನು ನಂಬು.

ಚೀಲದೊಳಗೆ ಒಂದು ಸೂಚನಾ ಪತ್ರವಿತ್ತು. ಹನ್ನೊಂದು ಭಾಷೆ, ನಮ್ಮದು ಕೊನೆಗೆ, ಇರುವೆಯಂಥ ಅಕ್ಷರದಲ್ಲಿ. ಯಾರೋ ಪುಣ್ಯಾತ್ಮ ನಿಘಂಟು ಮಡಿಲಲ್ಲಿಟ್ಟುಕೊಂಡು ಅನುವಾದಿಸಿದ್ದ. ಊಟವಾದ ಮೇಲೆ ಕನ್ನಡಕ ಹಾಕಿಕೊಂಡು, ಪೆನ್ಸಿಲು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದೆ. ಏಳು ತಪ್ಪು ಸಿಕ್ಕಿದವು, ತಿದ್ದಿದೆ. ಮಡಿಸಿ ಡ್ರಾಯರಿನಲ್ಲಿಟ್ಟೆ.

ಟೇಪನ್ನು ಹತ್ತಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿಟ್ಟು, ಹೊರಡುವುದಕ್ಕೆ ಮೂರು ದಿನ ಮೊದಲೇ ಚೀಲದ ತಳಕ್ಕೆ ಸೇರಿಸಿದೆ. ಮೇಲಿದ್ದರೆ ಕುಲುಕಾಡುತ್ತದೆ, ತಳದಲ್ಲಿ ಟ್ಯಾಂಕಿಗೆ ಅಂಟಿಕೊಂಡಿದ್ದರೆ ಅಲುಗುವುದಿಲ್ಲ ಎಂಬ ಲೆಕ್ಕ. ಅದರ ಮೇಲೆ ಅರ್ಜಿಯ ಕಡತ, ಅದರ ಮೇಲೆ ಶಾಲು. ಚೀಲದ ಮೇಲೆ ನಕ್ಷೆ ಇಡುವ ಪಾರದರ್ಶಕ ಕಿಟಕಿಯಲ್ಲಿ ವಕೀಲಮ್ಮನ ವಿಳಾಸವನ್ನೂ ಗುರುವಾರ ಹತ್ತೂವರೆ ಎಂಬುದನ್ನೂ ದಪ್ಪ ಅಕ್ಷರದಲ್ಲಿ ಬರೆದು ತೂರಿಸಿದೆ. ಮೂರು ದಿನವೂ ಚೀಲ ನನ್ನ ಮಂಚದ ಮೇಲೆಯೇ, ಕಿವಿಗಳನ್ನು ತಳಕ್ಕೆ ಮಡಚಿಕೊಂಡು, ಸಾಕಿದ ಬೆಕ್ಕಿನ ಹಾಗೆ ಇತ್ತು.

ಬುಧವಾರ ಬೆಳಿಗ್ಗೆ ಹೊರಟೆ. ನಿನ್ನ ಹೆಂಡತಿ ಗೇಟಿನವರೆಗೆ ಬಂದು ಶಿರಸ್ತ್ರಾಣದ ಬಕಲು ತಾನೇ ಹಾಕಿ, "ನಿಧಾನ ಭಾವ, ಎಂಬತ್ತು ದಾಟಬೇಡಿ" ಎಂದಳು. ವಯಸ್ಸೋ ವೇಗವೋ ಎಂದು ಕೇಳಿದೆ. ಎರಡೂ ಅಂದಳು. ಬೈಕು ಎಷ್ಟು ಚೆನ್ನಾಗಿ ಓಡಿತೆಂದು ಬರೆಯಲು ನಿಜವಾಗಿಯೂ ನನ್ನಲ್ಲಿ ಪದಗಳಿಲ್ಲ. ಹೆದ್ದಾರಿಗೆ ಏರಿ ಐದನೇ ಗೇರಿಗೆ ಬಂದಾಗ ಅದು ಒಮ್ಮೆ ನಿಟ್ಟುಸಿರು ಬಿಟ್ಟಿತು ನೋಡು, ಹನ್ನೊಂದು ವರ್ಷದ್ದು. ಗಾಳಿ ಎದೆಗೆ ಬಡಿಯಲಿಲ್ಲ, ಚೀಲ ತಡೆಯಿತು. ಪ್ರತಿ ನಿಲುಗಡೆಯಲ್ಲೂ ಒಳಗೆ ಕೈ ಹಾಕಿ ಸೋಪಿನ ಡಬ್ಬಿಯನ್ನು ಮುಟ್ಟಿ ನೋಡುತ್ತಿದ್ದೆ. ಪೆಟ್ರೋಲ್ ಬಂಕಿನವನು "ಯಜಮಾನರೇ, ಈ ವಯಸ್ಸಿಗೆ ಇಷ್ಟು ದೊಡ್ಡದಾ?" ಎಂದ. ನನ್ನದಲ್ಲ, ತಮ್ಮನದು ಎಂದೆ. ತಮ್ಮ ಎಲ್ಲಿ ಎಂದು ಕೇಳಿದ. ಕೆಲಸದ ಮೇಲಿದ್ದಾನೆ ಎಂದೆ. ದಾರಿಯಲ್ಲಿ ಆ ಸೇತುವೆ ಸಿಕ್ಕಿತು. ಈಗ ಪೂರ್ತಿಯಾಗಿದೆ, ಎರಡೂ ಕಡೆ ದೀಪದ ಕಂಬ. ಇಳಿದು ಕಲ್ಲಿನ ಫಲಕ ಓದಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಗುತ್ತಿಗೆದಾರರು. ಹನ್ನೊಂದು ಮಂದಿಯ ಹೆಸರಿಗೆ ಕಲ್ಲು ಸಾಲಲಿಲ್ಲ. ನೀನು ಒಮ್ಮೆ ಹೇಳಿದ್ದೆ, "ಗೇಟು ಎತ್ತು ಅಂತ ಅವನು ಹೇಳಿದ್ದು ನಿಜ ಅಣ್ಣ, ಆದರೆ ಗುಂಡಿ ಒತ್ತಿದ್ದು ನನ್ನ ಬೆರಳು" ಎಂದು. ಆ ಸೇತುವೆಯ ಮೇಲೆ ನಿಂತಾಗ ಅದು ನೆನಪಾಗಿ, ನಿನ್ನ ಪರವಾಗಿ ಹನ್ನೊಂದು ನಿಮಿಷ ನಿಂತಿದ್ದು ಹೊರಟೆ. ಸಂಜೆಗೆ ಕೋರ್ಟಿನ ಊರು ಮುಟ್ಟಿ ಲಾಡ್ಜ್ ಸೇರಿದೆ. ಚೀಲವನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೆ.

ಕೋರ್ಟಿನ ಮಾತನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಸ್ವಲ್ಪ ತಾಳು. ನಿನ್ನೆ ಸಂಜೆ ಮರಳಿ ಬಂದೆ. ಬೈಕಿಗೆ ಏನೂ ಆಗಿಲ್ಲ. ಚೈನು ಸ್ವಲ್ಪ ಸಡಿಲ, ಹಿಂದಿನ ಬ್ರೇಕು ಒಮ್ಮೊಮ್ಮೆ ಕಿರ್ರೆನ್ನುತ್ತದೆ. ಚೀಲ ತೆಗೆದು ನೋಡಿದೆ, ಹಾಳೆಯ ಕೆಳಗೆ ಒಂದು ಗೀರೂ ಇಲ್ಲ. ನಿನ್ನ ಹೆಂಡತಿ ಬಾಗಿಲಲ್ಲೇ "ಒಪ್ಪಿಸಿದ್ರಾ?" ಎಂದಳು. ಒಪ್ಪಿಸಿದೆ ಎಂದೆ. ಅದು ಸುಳ್ಳಲ್ಲ. ಅವಳು ಮುಂದೆ ಕೇಳಲಿಲ್ಲ, ನನಗೆ ದಣಿವಾಗಿದೆ ಅಂದುಕೊಂಡು ಬಿಸಿನೀರು ಕಾಯಿಸಿದಳು. ನಿನ್ನ ಎರಡು ಪ್ಯಾಂಟುಗಳನ್ನು ಸೊಂಟ ಸಣ್ಣ ಮಾಡಲು ದರ್ಜಿಗೆ ಕೊಟ್ಟಿದ್ದಾಳಂತೆ. ಜಾಲರಿಯಾಚೆಯಿಂದ ಕಣ್ಣಳತೆಯಲ್ಲೇ ಅಳೆದಿದ್ದಾಳೆ. ಇವತ್ತು ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಮಧ್ಯಾಹ್ನದವರೆಗಿನ ಪಾಳಿ. ಹೊರಡುವಾಗ ಏನೋ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ನಾನು ಕೇಳಿ ಹನ್ನೊಂದು ವರ್ಷವಾಗಿತ್ತು, ಅದಕ್ಕೇ ಬೆಳಗಿನಿಂದ ಈ ಕೋಣೆ ಬಿಟ್ಟು ಆಚೆ ಹೋಗಿಲ್ಲ.

ಗ್ರೀಸಪ್ಪ ನಿನ್ನನ್ನು ಕೇಳಿದ್ದಾನೆ. ಮೊಣಕಾಲು ಮಡಿಸುವುದನ್ನು ಬಿಡಬೇಡ. ಅಣ್ಣನ ಹರಕೆಯಲ್ಲಿ ಬಲ ಎಷ್ಟಿದೆಯೋ ತಿಳಿಯದು, ಇರುವಷ್ಟು ನಿನಗೇ.

ಇಂತಿ ನಿನ್ನ,
ಅಣ್ಣ

ತಾ.ಕ. ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಟೇಪಿನಲ್ಲಿ ಏನೂ ಇಲ್ಲ ಕಣೋ. ನಾನೇ ಅಳಿಸಿದೆ. ಗುರುವಾರ ಪರೀಕ್ಷಕಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಲ್ಲರೆದುರು ಟೇಪು ಹಾಕಿದಳು. ಸುಯ್ ಎಂಬ ಸದ್ದು. ನಡುನಡುವೆ ನಿನ್ನ ದನಿ, ತುಂಡು ತುಂಡಾಗಿ, "ಗೇಟ್ ರೂಮ್, ಹೇಳಿ ಸರ್". ಮತ್ತೆ ಸುಯ್. ಕೊನೆಗೊಮ್ಮೆ ನಿನ್ನದೇ "ಸರಿ ಸರ್". ಎಂಜಿನಿಯರು ಹೇಳಿದ್ದು ಒಂದು ಅಕ್ಷರವೂ ಉಳಿದಿಲ್ಲ. ಎರಡು ಸಲ ಹಾಕಿ ನೋಡಿ ಆಕೆ, "ಹಿರಿಯರೇ, ಇದನ್ನ ಹೇಗೆ ತಂದಿರಿ?" ಎಂದಳು. ನಾನು ಹೆಮ್ಮೆಯಿಂದ ಬೆಂಚಿನ ಮೇಲಿದ್ದ ಚೀಲ ತೋರಿಸಿದೆ. ಆಕೆ ಎದ್ದು ಬಂದು, ಗುಂಡುಸೂಜಿಯೊಂದನ್ನು ಅದರ ತಳದ ಹತ್ತಿರ ಹಿಡಿದಳು. ಸೂಜಿ ಕೈಯಿಂದ ಹಾರಿ ಹೋಗಿ ಅಂಟಿಕೊಂಡಿತು. ಮೂರು ದಿನ ಮಂಚದ ಮೇಲೆ, ಒಂದಿಡೀ ದಿನ ಟ್ಯಾಂಕಿನ ಮೇಲೆ, ಒಂದು ರಾತ್ರಿ ನನ್ನ ತಲೆಯ ಪಕ್ಕದಲ್ಲಿ ಅಯಸ್ಕಾಂತಗಳು ಟೇಪನ್ನು ತಿಂದುಹಾಕಿವೆ. ನಿಮ್ಮ ಕೈಗೆ ಬರುವಾಗಲೇ ಟೇಪು ಖಾಲಿಯಿತ್ತು ಎಂದುಬಿಡಿ ಎಂದು ವಕೀಲಮ್ಮ ಕಿವಿಯಲ್ಲಿ ಹೇಳಿದರು. ಹಾಗೆಂದರೆ ಆ ಟೆಲಿಫೋನ್ ಮೆಕ್ಯಾನಿಕ್‌ನ ಹೆಂಡತಿಯ ಮೇಲೆ ಬರುತ್ತಿತ್ತು, ನಿಜ ಹೇಳಿದೆ. ಅರ್ಜಿ ವಜಾ. ಇನ್ನೊಂದು ಹಾಕಲು ಬರುವುದಿಲ್ಲ. ಏಳು ವರ್ಷ ಉಳಿದಿದೆ, ಅಷ್ಟೂ ಕಳೆಯಬೇಕು. ಆದೇಶದ ಪ್ರತಿ ನಿನಗೂ ಸರ್ಕಾರಿ ಲಕೋಟೆಯಲ್ಲಿ ಬರುತ್ತದೆ. ಅದಕ್ಕಿಂತ ಮುಂಚೆ ನನ್ನಿಂದ ತಿಳಿಯಲಿ ಎಂದು ಬರೆದೆ. ನಿನ್ನೆ ಡ್ರಾಯರಿನಿಂದ ಆ ಸೂಚನಾ ಪತ್ರ ತೆಗೆದೆ. ನಾಲ್ಕನೆಯ ಸಾಲಿನಲ್ಲೇ ಇದೆ: ಕಾರ್ಡು, ಟೇಪು ಇತ್ಯಾದಿಗಳನ್ನು ಇದರಲ್ಲಿ ಇಡಬಾರದು. ಆ ಸಾಲಿನಲ್ಲೂ ಒಂದು ತಪ್ಪಿತ್ತು, ನಾನೇ ತಿದ್ದಿದ್ದೇನೆ.

ಗೇಟಿನ ಅಗುಳಿ ಸದ್ದಾಯಿತು, ಅವಳು ಬಂದಳು. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಈ ಕಾಗದವನ್ನು ಲಕೋಟೆಗೆ ಹಾಕದೆ ಹೀಗೇ ಅವಳ ಕೈಗೆ ಕೊಡುತ್ತೇನೆ, ಅಂಚೆಗೆ ಹಾಕುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು. ಇದು ನಿನ್ನ ಕೈ ಸೇರಿದ್ದರೆ, ಅವಳು ಓದಿದ್ದಾಳೆ ಎಂದು ತಿಳಿದುಕೋ. ಭೇಟಿಯ ದಿನ ಅವಳೊಬ್ಬಳೇ ಬಂದರೆ ನಾನೆಲ್ಲಿ ಎಂದು ಕೇಳಬೇಡ.